ಗುಡಿಸದ ದಂಡೆ

ಮಾರ್ಚ್ ೨

ದೊಡ್ಡಮ್ಮನಿಗೆ,

ಕಾಲು ಮುರಿದುಕೊಂಡು ನೀವು ನಿಮ್ಮ ಮಗನ ಮನೆಗೆ ಹೊರಡುವಾಗ ಕಾರಿನ ಕಿಟಕಿಯಿಂದ ತಲೆ ಹೊರಹಾಕಿ, "ಫೋನು ಗೀನು ಬೇಡ ಕಣೆ, ಅದರಲ್ಲಿ ನನಗೆ ಗುಂಯ್ ಅನ್ನೋದು ಬಿಟ್ರೆ ಏನೂ ಕೇಳ್ಸಲ್ಲ. ಕಾಗದ ಬರಿ" ಎಂದಿದ್ದಿರಿ. ಮಾತಾಡುವುದಕ್ಕಿಂತ ಬರೆಯುವುದು ನನಗೂ ಸುಲಭ. ಹಾಗಾಗಿ ಈ ಏರ್ಪಾಡಿನಲ್ಲಿ ಲಾಭ ನನ್ನದೇ.

ಒಳ್ಳೆಯ ಸುದ್ದಿ ಮೊದಲು. ನಮ್ಮ ಅರ್ಜಿಗೆ ಉತ್ತರ ಬಂದಿದೆ. ಪರಿಸರ ಇಲಾಖೆಯ ಅಧಿಕಾರಿಯೊಬ್ಬರು ಇದೇ ಒಂಬತ್ತನೇ ತಾರೀಖು ಸೋಮವಾರ ಬೆಳಿಗ್ಗೆ ಬಂದು ಕಾಲುವೆಯ ದಂಡೆಯನ್ನು ಖುದ್ದಾಗಿ ನೋಡುತ್ತಾರಂತೆ. ಹೊಸ ಮಾರುಕಟ್ಟೆಯ ಗಾಡಿಗಳು ಕೆಳ ಓಣಿಯ ಬೆನ್ನಿಗೇ ಕಸ ತಂದು ಸುರಿಯುತ್ತಿರುವುದು ಅವರ ಕಣ್ಣಿಗೆ ಬಿದ್ದರೆ, ಅದನ್ನು ನಿಲ್ಲಿಸಲು ಆದೇಶ ಹೊರಡುತ್ತದೆ. ಕೊಳೆತ ತರಕಾರಿಯಾದರೆ ಹೇಗೋ ಸಹಿಸಬಹುದಿತ್ತು. ಈಗ ಮಾರುಕಟ್ಟೆಯ ಮಹಡಿಯಲ್ಲಿ ಕ್ಲಿನಿಕ್ಕುಗಳೂ ಆಗಿರುವುದರಿಂದ ಸೂಜಿ, ಸಿರಿಂಜು, ರಕ್ತದ ಹತ್ತಿ ಎಲ್ಲವೂ ಅದರಲ್ಲೇ ಬರುತ್ತಿವೆ. ನೀವು ಗುಂಪು ಕಟ್ಟಿದಂದಿನಿಂದ ನಾವು ಭಾನುವಾರ ತೆಗೆಯುವುದು, ಅವರು ಸೋಮವಾರದಿಂದ ಸುರಿಯುವುದು. ಇದಕ್ಕೊಂದು ಕೊನೆ ಕಾಣುವ ಹಾಗಿದೆ.

ಅರ್ಜಿಯ ಜೊತೆ ನಮ್ಮ ಫೋಟೋಗಳನ್ನೂ ಲಗತ್ತಿಸಿದ್ದೇನೆ. ಆಲ್ಬಮ್ ತುಂಬ ಇದ್ದವು. ಚೆನ್ನಾಗಿ ಬಂದವನ್ನೇ ಆರಿಸಿದೆ.

ಟೈಲರ್ ಮಾಮನ ಅಂಗಡಿಯ ಹಿಂದಿನ ಕೋಣೆಯಲ್ಲಿ ನಿನ್ನೆ ಎಲ್ಲರೂ ಸೇರಿದ್ದೆವು. ನಿಮ್ಮ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ. ಮಾಮ ಅದರ ಮೇಲೆ ಅರ್ಧ ಹೊಲಿದ ಕೋಟೊಂದನ್ನು ಹರವಿ, "ಸದ್ಯಕ್ಕೆ ಇವರೇ ಅಧ್ಯಕ್ಷರು, ಮಾತೂ ಕಡಿಮೆ" ಎಂದರು. ಮುಂದಿನ ಭಾನುವಾರ ಏನೇನು ಮಾಡಬೇಕೆಂದು ತಿಳಿಸಿ. ನೀವಿಲ್ಲದೆ ಎಲ್ಲರೂ ನನ್ನ ಮುಖ ನೋಡುತ್ತಾರೆ, ನಾನು ಗೋಡೆ ನೋಡುತ್ತೇನೆ.

ಕಾಲಿನ ವಿಷಯ ಬರೆಯಿರಿ.

ಪುಟ್ಟಿ


ಮಾರ್ಚ್ ೫

ಪುಟ್ಟಿ,

ನಿನ್ನ ಕಾಗದ ಓದಿ ಮಂಚದ ಮೇಲೇ ಕುಣಿಯೋಣ ಅನ್ನಿಸಿತು. ಕಾಲು ಚೆನ್ನಾಗಿದೆ. ದಿನಾ ಮೆಟ್ಟಿಲು ಇಳಿದು ಹತ್ತುತ್ತೇನೆ. ನಿನ್ನ ಅಣ್ಣ ಸುಮ್ಮನೆ ಗಾಬರಿ ಮಾಡುತ್ತಾನೆ, ಅವನ ಹೆಂಡತಿ ಇನ್ನೂ ಜಾಸ್ತಿ.

ಈಗ ಸರಿಯಾಗಿ ಕೇಳಿಸಿಕೊ. ಬಸ್ಸಿನಲ್ಲಿ ಕಂಡಕ್ಟರಾಗಿ ತಲೆ ನರೆಯುವವರೆಗೆ ದುಡಿದವಳು ನಾನು. ಚೆಕಿಂಗಿನವರು ಹತ್ತುತ್ತಾರೆಂದು ಸುಳಿವು ಸಿಕ್ಕಿದ ಕೂಡಲೇ ಮೊದಲು ಮಾಡುತ್ತಿದ್ದ ಕೆಲಸ ಬಸ್ಸು ಗುಡಿಸಿಸುವುದು. ಕಾಲಿಟ್ಟ ಕೂಡಲೇ ಅವರಿಗೆ ಅನ್ನಿಸಬೇಕು, ಇಲ್ಲಿ ಶಿಸ್ತಿನವರಿದ್ದಾರೆ ಅಂತ. ಆಮೇಲೆ ನಾವು ಹೇಳಿದ್ದಕ್ಕೆ ಬೆಲೆ.

ಆದ್ದರಿಂದ ಭಾನುವಾರ ಒಬ್ಬರೂ ತಪ್ಪಿಸಿಕೊಳ್ಳಬಾರದು. ಟೈಲರ್ ಸೊಂಟನೋವು ಅಂತ ನಾಟಕ ಮಾಡುತ್ತಾನೆ, ನಂಬಬೇಡ. ದಂಡೆ ಕನ್ನಡಿ ಥರ ಹೊಳೆಯಬೇಕು. ಎರಡೂ ಪಕ್ಕ ಸುಣ್ಣದ ಗೆರೆ ಹಾಕಿಸು. ಅಧಿಕಾರಿ ಶೂ ಹಾಕಿಕೊಂಡು ಬಂದಿರುತ್ತಾರೆ, ಕೆಸರು ಮೆಟ್ಟಿದರೆ ಅವರ ಮನಸ್ಸು ಅಲ್ಲೇ ಕೆಡುತ್ತದೆ. ಒಂದು ಕುರ್ಚಿ ಹಾಕು. ನನ್ನ ಕುರ್ಚಿಯನ್ನೇ ಹಾಕು.

ಅವರು ಏನಾದರೂ ಕೇಳಿದರೆ ಬಾಯಿ ಬಿಟ್ಟು ಹೇಳು. ನಿನ್ನ ಬಿ.ಎ. ಸಾಹಿತ್ಯ ಅರ್ಜಿ ಬರೆಯುವುದಕ್ಕೆ ಮಾತ್ರ ಅಲ್ಲ.

ರೈಟ್ ರೈಟ್,
ದೊಡ್ಡಮ್ಮ


ಮಾರ್ಚ್ ೧೧

ದೊಡ್ಡಮ್ಮನಿಗೆ,

ಕುಳಿತುಕೊಂಡು ಓದಿ.

ಭಾನುವಾರ ನೀವು ಹೇಳಿದ ಹಾಗೇ ಎಲ್ಲರೂ ಬಂದರು. ಸೊಂಟನೋವಿನವರೂ ಬಂದರು. ಬೆಳಿಗ್ಗೆಯಿಂದ ಬಗ್ಗಿದವರು ಸಂಜೆ ನೆಟ್ಟಗಾದೆವು. ಬೇಲಿಯ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಪ್ಲಾಸ್ಟಿಕ್ಕಿನ ಚೂರುಗಳನ್ನು ಕೂಡ ಬಿಡಲಿಲ್ಲ. ಚೀಲಗಳನ್ನೆಲ್ಲ ಲಾರಿಗೆ ಹಾಕಿ ದೂರದ ಕಸದ ಮೈದಾನಕ್ಕೆ ಕಳಿಸಿದೆವು. ಸುಣ್ಣ ಹಾಕಿದೆವು. ಮಾಮ ಅದರ ಮೇಲೆ ದಾರ ಹಿಡಿದು, ಗೆರೆ ನೆಟ್ಟಗಿದೆಯೋ ಇಲ್ಲವೋ ಎಂದು ಹೊಲಿಗೆ ನೋಡುವಂತೆ ನೋಡಿದರು.

ಸೋಮವಾರ ಅಧಿಕಾರಿ ಬಂದರು. ಇನ್ನೂ ಮಾರುಕಟ್ಟೆ ತೆರೆದಿರಲಿಲ್ಲ, ಗಾಡಿಗಳು ಬರುವ ಹೊತ್ತಾಗಿರಲಿಲ್ಲ. ಮನುಷ್ಯ ಒಳ್ಳೆಯವರೇ. ದಂಡೆಯ ಈ ತುದಿಯಿಂದ ಆ ತುದಿಗೆ ನಡೆದರು. ವಾಪಸು ಬಂದರು. ನಮ್ಮನ್ನೊಮ್ಮೆ, ಕಾಲುವೆಯನ್ನೊಮ್ಮೆ ನೋಡಿ, "ಎಲ್ಲಿ ಕಸ?" ಎಂದರು.

ದೊಡ್ಡಮ್ಮ, ಆ ಕ್ಷಣದವರೆಗೂ ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ನಾನು ನೋಡುತ್ತಿದ್ದ ಹಾಗೆ ಒಬ್ಬೊಬ್ಬರ ಮುಖವೂ ಇಳಿಯಿತು. ಮಾಮ ಮಾತ್ರ ಇನ್ನೂ ಹೆಮ್ಮೆಯಲ್ಲೇ, "ಎಲ್ಲಾ ತೆಗೆದುಬಿಟ್ಟಿದ್ದೀವಿ ಸಾರ್, ಹುಡುಕಿದ್ರೂ ಸಿಗಲ್ಲ" ಎಂದರು.

"ಹಾಗಾದ್ರೆ ನಾನೇನು ನೋಡಲಿ?"

ಫೋಟೋ ಇವೆ ಎಂದೆ. ಅವರು ಫೈಲು ತೆರೆದು ತೋರಿಸಿದರು. ನಾನು ಕಳಿಸಿದ ಫೋಟೋಗಳೆಲ್ಲ ಗುಡಿಸಿದ ಮೇಲೆ ತೆಗೆದವು. ಪೊರಕೆ ಹಿಡಿದು ಸಾಲಾಗಿ ನಿಂತು ನಗುತ್ತಿರುವ ನಾವು, ಹಿಂದೆ ಸ್ವಚ್ಛವಾದ ದಂಡೆ. ಇಷ್ಟು ವರ್ಷಗಳಲ್ಲಿ ಗುಡಿಸುವ ಮೊದಲು ಒಂದು ಫೋಟೋ ತೆಗೆಯಬೇಕೆಂದು ಯಾರಿಗೂ ತೋಚಿಲ್ಲ. "ಇದನ್ನ ನೋಡಿ ನಾನು ಪಾರ್ಕ್ ಅಂದ್ಕೊಂಡೆ" ಎಂದರು ಅಧಿಕಾರಿ. ತಮಾಷೆಗಲ್ಲ, ಬೇಸರದಲ್ಲಿ.

ಕಂಡಿದ್ದನ್ನಷ್ಟೇ ಬರೆಯಬಹುದು, ಕಸ ಕಾಣಲಿಲ್ಲವೆಂದು ಬರೆಯಬೇಕಾಗುತ್ತದೆ ಎಂದರು. ಹೊಸ ಅರ್ಜಿ ಕೊಟ್ಟರೆ ಮತ್ತೆ ಬರುತ್ತಾರೆ. ಆದರೆ ಎರಡನೇ ಸಲ ಮುಂಚಿತವಾಗಿ ತಿಳಿಸುವ ಹಾಗಿಲ್ಲವಂತೆ. ಅಲ್ಲೇ ಅವರ ಜೀಪಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು ಹೊಸ ಅರ್ಜಿ ಬರೆದು ಕೊಟ್ಟೆ.

ಅವರು ಹೋದ ಮೇಲೆ ಮಾಮ ನಿಮ್ಮ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ಮೇಲಿನ ಬೀದಿಗೆ ಹೊರಟರು. ಅರ್ಧ ದಾರಿಯಲ್ಲಿದ್ದಾಗ ಎದುರಿಗೆ ಮಾರುಕಟ್ಟೆಯ ಮೊದಲ ಗಾಡಿ ಬಂತು.

ಪುಟ್ಟಿ


ಮಾರ್ಚ್ ೧೬

ಪುಟ್ಟಿ,

ನಗಬಾರದು ಅಂದುಕೊಂಡೆ, ತಡೆಯಲಾಗಲಿಲ್ಲ. ಸೊಸೆ ಓಡಿಬಂದು ನೀರು ಕೊಟ್ಟಳು. ಆಮೇಲೆ ಅಳು ಬಂತು, ಅದಕ್ಕೂ ನೀರು ಕೊಟ್ಟಳು.

ತಪ್ಪು ನನ್ನದೂ ಇದೆ, ಕನ್ನಡಿ ಥರ ಹೊಳೆಯಬೇಕು ಅಂದವಳು ನಾನೇ. ಆದರೆ ನೀನು ಅಲ್ಲೇ ನಿಂತಿದ್ದೆಯಲ್ಲ, "ಸಾರ್, ಒಂದು ಗಂಟೆ ಕೂತಿರಿ, ಗಾಡಿ ಬರುತ್ತೆ" ಎಂದು ಹೇಳುವುದಕ್ಕೆ ಏನಾಗಿತ್ತು? ಕುರ್ಚಿ ಬೇರೆ ಹಾಕಿದ್ದಿರಿ! ಬರೆಯಲು ಹೇಳಿದರೆ ಜೀಪಿನ ಮೇಲೂ ಬರೆಯುತ್ತೀಯ, ಹೇಳಲು ಹೇಳಿದರೆ ನಾಲಿಗೆ ಮಡಚಿಕೊಳ್ಳುತ್ತೀಯ.

ಇರಲಿ, ಆದದ್ದು ಆಯಿತು. ಅವರು ಬಂದಾಗ ಬರಲಿ. ನಾವು ನಮ್ಮ ಕೆಲಸ ಬಿಡುವುದು ಬೇಡ. ಜ್ವರ ಬಂದ ಭಾನುವಾರವೂ ನಾನು ಪೊರಕೆ ಬಿಟ್ಟವಳಲ್ಲ. ಬಿಟ್ಟರೆ ಗುಂಪು ಚದುರಿಹೋಗುತ್ತದೆ. ಈ ಭಾನುವಾರ ಎಷ್ಟು ಜನ ಬಂದರು, ಎಷ್ಟು ದೂರ ಗುಡಿಸಿದಿರಿ, ಬರೆ.

ಕಾಲು ಚೆನ್ನಾಗಿದೆ.

ದೊಡ್ಡಮ್ಮ


ಮಾರ್ಚ್ ೨೫

ದೊಡ್ಡಮ್ಮನಿಗೆ,

ನಾವೆಲ್ಲ ಕ್ಷೇಮ. ಭಾನುವಾರ ಎಲ್ಲರೂ ಬಂದಿದ್ದರು, ಎಂದಿಗಿಂತ ಹೆಚ್ಚು ಹೊತ್ತು ಇದ್ದರು. ಕೆಳ ಓಣಿಯವರೂ ಕೆಲವರು ಜೊತೆಗಿದ್ದರು. ಮಾಮ ಎಲ್ಲರಿಗೂ ಮೂಗು ಮುಚ್ಚುವ ಬಟ್ಟೆ ಹೊಲಿದು ತಂದಿದ್ದಾರೆ, ಮದುವೆಗೆ ಹೊಲಿದು ಉಳಿದ ರೇಷ್ಮೆಯಲ್ಲಿ. ನನ್ನದಕ್ಕೆ ಜರಿ ಅಂಚು ಬೇರೆ.

ಬಿಸಿಲು ಜೋರಾಗಿದೆ. ಎಷ್ಟು ದೂರ ಗುಡಿಸಿದಿರಿ ಎಂದು ಕೇಳಿದ್ದೀರಿ. ಅದನ್ನು ಮುಂದಿನ ಸಲ ಬರೆಯುತ್ತೇನೆ.

ಪುಟ್ಟಿ


ಏಪ್ರಿಲ್ ೧

ಪುಟ್ಟಿ,

ನಿನ್ನ ಕಾಗದ ಇಷ್ಟು ಚಿಕ್ಕದಾಗಿ ಬಂದದ್ದು ಇದೇ ಮೊದಲು. ಎರಡೆರಡು ಸಲ ಓದಿದೆ. ಎಂದಿಗಿಂತ ಹೆಚ್ಚು ಹೊತ್ತು ಇರುತ್ತಾರಂತೆ, ಜರಿ ಅಂಚಂತೆ! ಯಾರನ್ನಾದರೂ ಮೆಚ್ಚಿಕೊಂಡಿದ್ದೀಯಾ? ಗುಂಪಿನವನೇ? ಹೇಳಿಬಿಡು, ನಿನ್ನ ಅಮ್ಮನನ್ನು ನಾನು ಒಪ್ಪಿಸುತ್ತೇನೆ. ಹುಡುಗ ಗುಡಿಸಲು ಬರುತ್ತಾನೆಂದರೆ ಅರ್ಧ ಪರೀಕ್ಷೆ ಪಾಸಾದ ಹಾಗೆ.

ಇಲ್ಲೂ ಒಂದು ವಿಷಯವಿದೆ. ನಮ್ಮ ವಾರ್ಡ್ ಮೆಂಬರು ನಿನ್ನ ಅಣ್ಣನಿಗೆ ಫೋನು ಮಾಡಿದ್ದರು. ಏನೆಂದು ಈಗ ಹೇಳುವುದಿಲ್ಲ. ಅಂತೂ ಈ ತಿಂಗಳು ನಾನು ಬರಬಹುದು. ದಂಡೆಯ ಕಡೆ ಚೂರು ಹೆಚ್ಚು ಗಮನ ಇರಲಿ, ಅಷ್ಟು ಸಾಕು.

ನನ್ನ ನೀಲಿ ಸೀರೆ ನಿಮ್ಮ ಬೀರುವಿನಲ್ಲಿದೆ. ಇಸ್ತ್ರಿಗೆ ಕೊಟ್ಟಿಡು.

ದೊಡ್ಡಮ್ಮ


ಏಪ್ರಿಲ್ ೬

ದೊಡ್ಡಮ್ಮನಿಗೆ,

ಯಾರನ್ನೂ ಮೆಚ್ಚಿಕೊಂಡಿಲ್ಲ. ಅದಾಗಿದ್ದರೆ ಬರೆಯುವುದು ಇಷ್ಟು ಕಷ್ಟವಾಗುತ್ತಿರಲಿಲ್ಲ.

ನಾವು ಗುಡಿಸುವುದನ್ನು ನಿಲ್ಲಿಸಿದ್ದೇವೆ. ಅಧಿಕಾರಿ ಬಂದುಹೋದ ಮೇಲೆ ದಂಡೆಗೆ ಒಂದು ಪೊರಕೆಯೂ ತಾಗಿಲ್ಲ. ನಿಮಗೆ ಹೇಳುವ ಧೈರ್ಯವಿರಲಿಲ್ಲ. ಈಗಲೂ ಇದೆಯೆಂದಲ್ಲ.

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಆ ಸೋಮವಾರ ಮನೆಗೆ ಬಂದು ಯೋಚಿಸಿದೆ. ಗಾಡಿಯವರು ಸುರಿಯುತ್ತಾರೆ, ನಾವು ಬಳಿಯುತ್ತೇವೆ. ನೋಡುವವರ ಕಣ್ಣಿಗೆ ಸುರಿದದ್ದೇ ಇಲ್ಲ. ಅಧಿಕಾರಿ ಬರುವವರೆಗೆ ಬಿಟ್ಟುಬಿಟ್ಟರೆ? ಇದನ್ನು ಮಾಮನಿಗೆ ಹೇಳಿದೆ. ಅವರು ಕತ್ತರಿ ಕೆಳಗಿಟ್ಟು, "ಸರಿಯೇ. ಆದ್ರೆ ವಾಸನೆ ಕುಡಿಯೋರು ನಾವಲ್ಲ ತಾಯಿ, ಕೆಳ ಓಣಿಯೋರು" ಎಂದರು.

ಹಾಗಾಗಿ ಬುಧವಾರ ಕೆಳ ಓಣಿಗೆ ಹೋದೆ. ಮೊದಲ ಮನೆಯೇ ಇಸ್ತ್ರಿ ಅಕ್ಕನದು, ನಿಮಗೆ ಗೊತ್ತಲ್ಲ, ಮನೆಯ ಕಿಟಕಿಯೇ ಅಂಗಡಿ. ನಾನು ಬಂದದ್ದನ್ನು ನೋಡಿ, "ಏನಿದು, ಭಾನುವಾರದೋರು ಬುಧವಾರ?" ಎಂದಳು. ಅವರೆಲ್ಲ ನಮ್ಮನ್ನು ಕರೆಯುವುದು ಹಾಗಂತೆ.

ಹೇಳಿದೆ. ಅವಳು ತಲೆ ಎತ್ತದೆ ಒಂದು ಅಂಗಿಯ ಕಾಲರು ಮುಗಿಸಿದಳು.

"ನೀವು ನಿಲ್ಸಿದ್ರೆ ನಮ್ಮ ಮೂಗೂ ನಿಂತ್ಹೋಗುತ್ತಾ? ನೀವು ಮೇಲೆ ಹೋಗಿ ಸ್ನಾನ ಮಾಡಿ ಮಲಗ್ತೀರಿ. ನಾವು ಕಿಟಕಿ ತೆಗೆದ್ರೆ ಅದೇ, ಮುಚ್ಚಿದ್ರೂ ಅದೇ. ಇದನ್ನ ನಿಮ್ಮಲ್ಲೇ ತೀರ್ಮಾನ ಮಾಡ್ಕೊಂಡು ಹೇಳಕ್ಕೆ ಬಂದ್ರಾ?"

"ಇಲ್ಲ, ಕೇಳೋಕೆ ಬಂದೆ."

"ಕೇಳೋಕೆ." ಅವಳು ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. "ಮುಖ ನೋಡಿದ್ರೆ ಬೆಳಿಗ್ಗೆಯಿಂದ ಕನ್ನಡಿ ಮುಂದೆ ಅಭ್ಯಾಸ ಮಾಡ್ದಂಗಿದೆ."

ನಿನ್ನೆಯಿಂದ ಎಂದೆ. ಅವಳು ನಕ್ಕಳು. ಸಂಜೆ ಓಣಿಯ ಹೆಂಗಸರನ್ನೆಲ್ಲ ಕರೆದಳು. ಜಗಳವೇ ಆಯಿತು. ಎದುರು ಮನೆಯ ಅಜ್ಜಿ, "ಇವರು ಗುಡಿಸೋದೂ ಇವರ ಸಂತೋಷಕ್ಕೆ, ಬಿಡೋದೂ ಇವರ ಸಂತೋಷಕ್ಕೆ" ಎಂದು ಎದ್ದುಹೋದರು. ಉಳಿದವರು ಕೊನೆಗೆ ಒಪ್ಪಿದರು. ದಂಡೆಗೆ ಮಕ್ಕಳು ಹೋಗದಂತೆ ಹಗ್ಗ ಕಟ್ಟುವುದು. ಅಧಿಕಾರಿ ಬರುವವರೆಗೆ ಒಂದು ಕಡ್ಡಿಯನ್ನೂ ಎತ್ತದಿರುವುದು. ಇಸ್ತ್ರಿ ಅಕ್ಕನದೊಂದು ಷರತ್ತು: ನಾವು ಮೇಲಿನ ಬೀದಿಯವರು ಪ್ರತಿ ಭಾನುವಾರ ಮಾಮೂಲಿ ಹೊತ್ತಿಗೇ ಬರಬೇಕು. ಗುಡಿಸುವುದಕ್ಕಲ್ಲ, ಅವರ ಬಾಗಿಲಲ್ಲಿ ಕೂರುವುದಕ್ಕೆ. "ಪೊರಕೆ ಬಿಟ್ಟು ಬನ್ನಿ. ಸುಮ್ನೆ ಕೂತ್ಕೊಳ್ಳಿ. ನಾವೇನು ಉಸಿರಾಡ್ತೀವೋ ನೀವೂ ಅದನ್ನೇ ಉಸಿರಾಡಿ."

ಕೂರುತ್ತಿದ್ದೇವೆ. ಗುಡಿಸುವುದು ಎಷ್ಟು ಸುಲಭವಾಗಿತ್ತೆಂದು ಈಗ ಗೊತ್ತಾಗುತ್ತಿದೆ. ಮಾಮ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಾರೆ. ಇಲ್ಲದಿದ್ದರೆ ಅವು ತಾವೇ ಹೋಗಿ ಕಸ ಎತ್ತುತ್ತವಂತೆ. ಇಬ್ಬರು ಬರುವುದನ್ನೇ ಬಿಟ್ಟರು. ಉಳಿದವರು ಬರುತ್ತಿದ್ದಾರೆ.

ಇನ್ನೂ ಒಂದು ಸಂಗತಿ ಇದೆ. ಹಗ್ಗ ಕಟ್ಟುತ್ತಿದ್ದಾಗ ಇಸ್ತ್ರಿ ಅಕ್ಕನ ಚಪ್ಪಲಿ ತೂರಿ ಸೂಜಿ ಚುಚ್ಚಿತು. ಆಸ್ಪತ್ರೆಗೆ ಜೊತೆಯಲ್ಲಿ ಹೋದೆ. ಚುಚ್ಚುಮದ್ದು ಕೊಟ್ಟರು, ರಕ್ತ ತೆಗೆದುಕೊಂಡರು. ಈಗಿನ ಪರೀಕ್ಷೆಯಲ್ಲಿ ಏನೂ ಇಲ್ಲ, ಆದರೆ ಮೂರು ತಿಂಗಳ ಮೇಲೆ ಇನ್ನೊಂದು ಮಾಡಿದರೇ ಖಾತರಿಯಂತೆ. ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು, ಸಾಕು ಅಕ್ಕ, ಈ ಭಾನುವಾರವೇ ಗುಡಿಸಿಬಿಡೋಣ ಎಂದೆ. ಅವಳು ನನ್ನ ಕೈ ಹಿಡಿದುಕೊಂಡಳು. ಅಲ್ಲಿಯವರೆಗೆ ನನಗೆ ಬಹುವಚನವಿತ್ತು.

"ಈಗ ಗುಡಿಸಿದ್ರೆ ಇದು ನನಗೆ ಸುಮ್‌ಸುಮ್ನೆ ಚುಚ್ಚಿದಂಗೆ ಆಗುತ್ತೆ ಕಣೆ. ಬೇಡ. ಅವರು ಬಂದು ನೋಡ್ಲಿ."

ನೀಲಿ ಸೀರೆ ಅವಳ ಹತ್ತಿರವೇ ಇಸ್ತ್ರಿಗೆ ಕೊಟ್ಟಿದ್ದೇನೆ.

ಪುಟ್ಟಿ


ಏಪ್ರಿಲ್ ೧೦

ಪುಟ್ಟಿ,

ನೀನು ಹೇಳುವ ಮೊದಲೇ ಬೇರೆಯವರ ಬಾಯಲ್ಲಿ ಕೇಳಿ ನಾಚಿಕೆಯಾಯಿತು. ನಿನ್ನ ಕಾಗದ ಬರುವ ಹಿಂದಿನ ದಿನ ಮೆಂಬರು ಮತ್ತೆ ಫೋನು ಮಾಡಿದ್ದರು. "ನಿಮ್ಮಮ್ಮನ ತಂಗಿ ಮಗಳು ಏರಿಯಾ ಹಾಳು ಮಾಡಿಸ್ತಿದ್ದಾಳೆ, ಸ್ವಲ್ಪ ಬುದ್ಧಿ ಹೇಳ್ಸಿ" ಅಂದರಂತೆ. ನಿನ್ನ ಅಣ್ಣ ಕಿವಿಯ ಹತ್ತಿರ ಕೂಗಿ ಹೇಳಿದ. ಅಕ್ಕಪಕ್ಕದ ಮನೆಯವರಿಗೂ ಕೇಳಿಸಿರಬೇಕು.

ಬಚ್ಚಿಟ್ಟುಕೊಂಡಿದ್ದ ವಿಷಯ ಹೇಳಿಬಿಡುತ್ತೇನೆ. ಹತ್ತೊಂಬತ್ತನೇ ತಾರೀಖು ಭಾನುವಾರ ನಗರಸಭೆಯವರು ಕಾಲುವೆಯ ದಂಡೆಯ ಮೇಲೇ ಶಾಮಿಯಾನ ಹಾಕಿ ನಮ್ಮ ಗುಂಪಿಗೆ ಸನ್ಮಾನ ಮಾಡುತ್ತಾರೆ. ನನಗೆ ಶಾಲು, ಫಲಕ. ನಾನು ಶಾಲಿಗೆ ಆಸೆಪಟ್ಟವಳಲ್ಲ ಅಂತ ಬರೆದರೆ ಸುಳ್ಳಾಗುತ್ತದೆ. ಬಸ್ಸಿನಲ್ಲಿ ಅಷ್ಟು ವರ್ಷ ದುಡಿದು ರಿಟೈರಾದ ದಿನ ಡಿಪೋ ಮ್ಯಾನೇಜರು ರಜೆಯಲ್ಲಿದ್ದ. ಬ್ಯಾಗು ಕೌಂಟರಿನಲ್ಲಿಟ್ಟು ನಡೆದುಕೊಂಡು ಮನೆಗೆ ಬಂದೆ. ಒಂದು ಸಲ, ಒಂದೇ ಸಲ, ನಾಲ್ಕು ಜನರ ಮುಂದೆ ಯಾರಾದರೂ ಹೆಸರು ಕೂಗಲಿ ಅಂತ ಇತ್ತು.

ಕಸದ ಗುಡ್ಡೆಯ ಮೇಲೆ ಶಾಮಿಯಾನ ಹಾಕುತ್ತಾರೆಯೇ? ಗುಂಪು ಕಟ್ಟಿದವಳು ನಾನು, ನಿಲ್ಲಿಸಿ ಅಂದವಳು ನಾನಲ್ಲ. ಆ ಹೆಣ್ಣುಮಗಳಿಗೆ ಸೂಜಿ ಚುಚ್ಚಿದ್ದು ನಮ್ಮ ಕಣ್ಣೆದುರಿಗೆ ಬಿಟ್ಟ ಕಸದಿಂದ. ಅದರ ಭಾರ ನಿನ್ನ ಮೇಲಿದೆ ಎಂಬುದನ್ನೂ ಮರೆಯಬೇಡ.

ಹತ್ತೊಂಬತ್ತರೊಳಗೆ ದಂಡೆ ಸ್ವಚ್ಛವಾಗಬೇಕು. ಇದು ನನ್ನ ಮಾತು.

ದೊಡ್ಡಮ್ಮ


ಏಪ್ರಿಲ್ ೧೩

ದೊಡ್ಡಮ್ಮನಿಗೆ,

ಆಗುವುದಿಲ್ಲ.

ಈ ಒಂದು ಪದ ಬರೆಯಲು ಎರಡು ಹಾಳೆ ಹರಿದೆ. ಮುಂದಿನದು ಸುಲಭ.

ನಿಮ್ಮ ಕಾಗದವನ್ನು ನಿನ್ನೆ ಓಣಿಯಲ್ಲಿ ಎಲ್ಲರ ಮುಂದೆ ಓದಿದೆ. ಡಿಪೋ ಮ್ಯಾನೇಜರಿನ ಭಾಗ ಓದಲಿಲ್ಲ, ಅದು ನನಗೆ ಮಾತ್ರ ಬರೆದದ್ದು ಅಂದುಕೊಂಡೆ. ಭಾರದ ಮಾತು ಓದಿದೆ. ಇಸ್ತ್ರಿ ಅಕ್ಕ, "ಭಾರ ನನ್ನ ಕಾಲಿಂದು, ನಿಮ್ಮ ದೊಡ್ಡಮ್ಮಂಗೆ ಹೇಳು, ನಾನೇ ಹೊತ್ಕೋತೀನಿ" ಎಂದಳು. ಅವಳು ಹಾಗೆ ಹೇಳಿದಳೆಂದು ನನ್ನ ಪಾಲು ಇಳಿಯುವುದಿಲ್ಲ. ಅದೂ ನನಗೆ ಗೊತ್ತಿದೆ.

ಗುಡಿಸುವುದು, ಬಿಡುವುದು ಈಗ ನಿಮ್ಮ ಕೈಯಲ್ಲೂ ಇಲ್ಲ, ನನ್ನ ಕೈಯಲ್ಲೂ ಇಲ್ಲ. ಓಣಿಯವರನ್ನು ಕೇಳಿ ಮಾಡಿದ್ದು, ಅವರು ಹೇಳದೆ ಮುರಿಯುವ ಹಾಗಿಲ್ಲ. ಕೈ ಎತ್ತಿಸಿ ಕೇಳಿದೆ. ಈಗ ಗುಡಿಸುವುದು ಬೇಡವೆಂದು ಎಲ್ಲರ ಜೊತೆ ಎದುರು ಮನೆಯ ಅಜ್ಜಿಯೂ ಕೈ ಎತ್ತಿದರು. ಯಾವುದಕ್ಕೂ ಒಪ್ಪದ ಅಜ್ಜಿ ಇದೊಂದಕ್ಕೆ ಒಪ್ಪಿದ್ದು ನೋಡಿ ನಮಗೇ ಆಶ್ಚರ್ಯ.

ಒಂದು ಸುದ್ದಿ. ಮೂರ್ನಾಲ್ಕು ದಿನಗಳಿಂದ ಗಾಡಿಗಳು ಬರುತ್ತಿಲ್ಲ. ಕಸ ಬಿದ್ದಲ್ಲೇ ಇದೆ, ಹೊಸದು ಬೀಳುತ್ತಿಲ್ಲ. ನಮ್ಮನ್ನು ನೋಡಿ ಮಾರುಕಟ್ಟೆಯವರು ಹೆದರಿರಬೇಕು.

ನೀವು ಬಂದರೆ ನಮ್ಮ ಜೊತೆ ಬಾಗಿಲಲ್ಲಿ ಕೂರಬೇಕಾಗುತ್ತದೆ. ನಿಮ್ಮ ಕುರ್ಚಿಯನ್ನು ಅಲ್ಲಿಗೇ ತರಿಸಿದ್ದೇನೆ.

ಪುಟ್ಟಿ


ಏಪ್ರಿಲ್ ೧೭

ಪುಟ್ಟಿ,

ನಿನ್ನ ಕಾಗದ ಓದಿ ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ. ಸೊಸೆ ಡಾಕ್ಟರನ್ನು ಕರೆಸುವವಳಿದ್ದಳು. ನಾನು ಮಾತಾಡದಿರುವುದು ಅವಳ ಲೆಕ್ಕದಲ್ಲಿ ಕಾಯಿಲೆ.

ಆಮೇಲೆ ನಿನ್ನ ಅಣ್ಣನ ಕೈಯಲ್ಲಿ ಮೆಂಬರಿಗೆ ಫೋನು ಹಚ್ಚಿಸಿದೆ. ಹುಡುಗಿ ಮಾತು ಕೇಳುತ್ತಿಲ್ಲ, ದಂಡೆ ಹಾಗೇ ಇದೆ, ಏನು ಮಾಡುತ್ತೀರಿ ಎಂದು ಕೇಳಿಸಿದೆ. ಆ ಮನುಷ್ಯ ಏನೆಂದ ಗೊತ್ತಾ? "ನೀವು ಒಂದು ಸಲ ಕ್ಲೀನ್ ಮಾಡ್ಸಿ ಸಾಕು ಅಮ್ಮಾ, ಫಂಕ್ಷನ್ ಆಗೋವರೆಗೆ ಗಾಡಿ ಬರಲ್ಲ. ನಾನು ಹೇಳಿದ್ದೀನಿ" ಎಂದ.

ನಿನ್ನ ಅಣ್ಣ ಅದನ್ನು ಕೂಗಿ ಹೇಳಿದ. ನಾನು ಇನ್ನೊಂದು ಸಲ ಕೂಗಿಸಿದೆ.

ಗಾಡಿಗಳು ನಿಂತದ್ದು ನಿಮಗೆ ಹೆದರಿ ಅಲ್ಲ ಪುಟ್ಟಿ. ಅವನು ಬೆಲ್ ಹೊಡೆದ, ನಿಂತವು. ಇನ್ನೊಂದು ಬೆಲ್ ಹೊಡೆದರೆ ಹೊರಡುತ್ತವೆ. ನಾವು ಅರ್ಜಿ ಕೊಡುತ್ತಿದ್ದಾಗಲೆಲ್ಲ, "ಏನ್ ಮಾಡೋದಮ್ಮಾ, ನನ್ನ ಮಾತು ಯಾರು ಕೇಳ್ತಾರೆ" ಅನ್ನುತ್ತಿದ್ದವನು ಇವನೇ. ನನ್ನ ಬೆನ್ನು ತಟ್ಟಿ ತಟ್ಟಿ ಗುಡಿಸಿಸಿದ. ನಾವು ಗುಡಿಸುವಷ್ಟು ದಿನ ಅವರು ಸುರಿಯಬಹುದಿತ್ತು, ಯಾರಿಗೂ ಕಾಣುತ್ತಿರಲಿಲ್ಲ.

ಫೋನು ಕಿತ್ತುಕೊಂಡು ನಾನೇ ಕೂಗಿದೆ, "ಹಾಗಾದ್ರೆ ಗಾಡೀನ ಪೂರ್ತಿ ನಿಲ್ಸಿ, ಅದೇ ನನಗೆ ಶಾಲು." ಅವನು ಏನೆಂದನೋ ಕೇಳಿಸಲಿಲ್ಲ, ಗುಂಯ್ ಅಂತ ಬಂತು. ನಾನು ಬರುವುದಿಲ್ಲ, ಸನ್ಮಾನ ಬೇಡ ಎಂದು ನಗರಸಭೆಗೆ ಕಾಗದ ಹಾಕಿದ್ದೇನೆ. ಮೆಂಬರು ಆಡಿದ ಮಾತನ್ನು ಅಕ್ಷರ ಬಿಡದೆ ಬರೆದು ಪರಿಸರ ಇಲಾಖೆಗೂ ಒಂದು ಕಳಿಸಿದ್ದೇನೆ, ನಿನ್ನ ಅಣ್ಣನ ಸಾಕ್ಷಿ ಸಹಿ ಹಾಕಿಸಿ. ಅವನು ಮುಖ ಸಿಂಡರಿಸಿಕೊಂಡು ಹಾಕಿದ.

ಇನ್ನೊಂದು. ನಾನು ಮೆಟ್ಟಿಲು ಇಳಿಯುತ್ತಿಲ್ಲ. ಬಂದಂದಿನಿಂದ ಒಂದು ಸಲವೂ ಇಳಿದಿಲ್ಲ. ಮೂಳೆ ಸರಿಯಾಗಿ ಕೂಡಿಲ್ಲವಂತೆ. ಸನ್ಮಾನಕ್ಕೆ ಎತ್ತಿಕೊಂಡಾದರೂ ಕರೆದುಕೊಂಡು ಬನ್ನಿ ಅನ್ನುವವಳಿದ್ದೆ. ಆ ಕುರ್ಚಿಯಲ್ಲಿ ಯಾರಾದರೂ ಕೂರಿ, ಸುಮ್ಮನೆ ಖಾಲಿ ಇಡಬೇಡಿ.

ಆ ಹೆಣ್ಣುಮಗಳ ಮುಂದಿನ ರಕ್ತಪರೀಕ್ಷೆ ಯಾವಾಗ ಬರುತ್ತದೋ, ಜೊತೆಗೆ ಹೋಗು. ಭಾರದ ಮಾತು ನಾನು ಆಡಬಾರದಿತ್ತು.

ಹೋಲ್ಡಾನ್ ಅನ್ನುವುದಿಲ್ಲ. ನಡಿ ಮುಂದೆ.

ದೊಡ್ಡಮ್ಮ


ಮೇ ೧೪

ದೊಡ್ಡಮ್ಮನಿಗೆ,

ಅಧಿಕಾರಿ ಹೋದ ತಿಂಗಳ ಕೊನೆಯಲ್ಲಿ ಬಂದರು, ಯಾರಿಗೂ ಹೇಳದೆ, ಬಿಸಿಲು ನೆತ್ತಿಯ ಮೇಲಿದ್ದಾಗ. ಸನ್ಮಾನ ರದ್ದಾದ ಮಾರನೇ ದಿನದಿಂದಲೇ ಗಾಡಿಗಳು ಮತ್ತೆ ಬರತೊಡಗಿದ್ದವು, ಹಳೆಯದರ ಮೇಲೆ ಹೊಸದು ಬಿದ್ದಿತ್ತು. ನಾನು ಅಲ್ಲಿರಲಿಲ್ಲ. ಓಣಿಯವರು ಸುದ್ದಿ ಕಳಿಸಿ ನಾನು ಓಡಿಬರುವಷ್ಟರಲ್ಲಿ ಇಸ್ತ್ರಿ ಅಕ್ಕ ಅವರನ್ನು ಹಗ್ಗದ ಪಕ್ಕದಲ್ಲೇ ನಡೆಸಿಕೊಂಡು ಎಲ್ಲವನ್ನೂ ತೋರಿಸುತ್ತಿದ್ದಳು. ಕ್ಲಿನಿಕ್ಕುಗಳ ಚೀಲಗಳ ಮೇಲೆ ಅವರವರ ಹೆಸರೇ ಅಚ್ಚಾಗಿದೆ. ಅಧಿಕಾರಿ ಒಂದು ಕೈಯಲ್ಲಿ ಮೂಗು ಹಿಡಿದು ಇನ್ನೊಂದರಲ್ಲಿ ಫೋಟೋ ತೆಗೆದರು. ಹೊರಡುವಾಗ ನನ್ನ ಕಡೆ ತಿರುಗಿ, "ಈ ಸಲ ಪಾರ್ಕ್ ಅನ್ನಲ್ಲ ಬಿಡಿ" ಎಂದರು.

ಆದೇಶ ಕಳೆದ ವಾರ ಬಂತು. ಮಾರುಕಟ್ಟೆಯವರು ತಮ್ಮ ಅಂಗಳದಲ್ಲೇ ಬೀಗ ಹಾಕುವ ಡಬ್ಬಿಗಳಲ್ಲಿ ಕಸ ಇಡಬೇಕು, ಸೂಜಿಗಳು ಬೇರೆಯಾಗಿ ಹೋಗಬೇಕು, ಕಾಲುವೆಯ ಹತ್ತಿರ ಗಾಡಿ ಕಂಡರೆ ಜಪ್ತಿ. ದಂಡೆಯಲ್ಲಿರುವುದನ್ನು ನಗರಸಭೆಯೇ ತೆಗೆಯಬೇಕು, ಖರ್ಚು ಮಾರುಕಟ್ಟೆಯದು. ಮಾಮ ಅದನ್ನು ಗಟ್ಟಿಯಾಗಿ ಓದಿ, "ಅಂದ್ರೆ ನಾವು ಮುಟ್ಟೋ ಹಾಗೇ ಇಲ್ವಾ?" ಎಂದರು. ಅವರಿಗೆ ಸಂತೋಷಕ್ಕಿಂತ ನಿರಾಸೆಯೇ ಹೆಚ್ಚಾದಂತಿತ್ತು.

ನಿನ್ನೆ ಬೆಳಿಗ್ಗೆ ಲಾರಿ ಬಂತು. ನಾವೆಲ್ಲ ನೋಡಲು ಸೇರಿದ್ದೆವು. ಎಂಟ್ಹತ್ತು ಕೂಲಿಯವರು ಇಳಿದರು, ಸಲಿಕೆ, ಬುಟ್ಟಿ ಇಳಿಸಿದರು. ಅವರ ಕಾಲಿನಲ್ಲಿ ಹವಾಯಿ ಚಪ್ಪಲಿ. ಕೈ ಬರಿಗೈ.

ಮೊದಲು ನೋಡಿದವಳು ಇಸ್ತ್ರಿ ಅಕ್ಕ. ಅವಳು ಹೋಗಿ ಹಗ್ಗದ ಮುಂದೆ ನಿಂತಳು, ಅವಳ ಪಕ್ಕಕ್ಕೆ ಎದುರು ಮನೆಯ ಅಜ್ಜಿ, ಆಮೇಲೆ ಓಣಿಯೆಲ್ಲ. ಮೇಸ್ತ್ರಿ ಓಡಿಬಂದ. "ಏನ್ರಮ್ಮಾ ಇದು? ತೆಗೀರಿ ತೆಗೀರಿ ಅಂತ ಬಾಯಿ ಬಡ್ಕೊಂಡಿದ್ದು ನೀವೇ, ಈಗ ತೆಗೆಯೋಕೆ ಬಂದ್ರೆ ಅಡ್ಡ ನಿಲ್ತೀರಾ? ನಿಮಗೆ ಕ್ಲೀನ್ ಆಗ್ಬೇಕೋ ಬೇಡ್ವೋ?"

"ಆಗ್ಬೇಕು. ಇವತ್ತೇ ಆಗ್ಬೇಕು. ಇ‌ವರ ಬರಿಗೈಯಲ್ಲಿ ಬೇಡ."

ಅವನು ಸುತ್ತ ನೋಡಿ, ನನ್ನ ಬಟ್ಟೆ ಕನ್ನಡಕ ನೋಡಿ, ಇವಳಿಗೆ ಅರ್ಥವಾದೀತು ಎಂದುಕೊಂಡಿರಬೇಕು. "ಮೇಡಂ, ನೀವು ಓದಿದೋರು. ನೀವಾದ್ರೂ ಹೇಳಿ."

ಹೇಳಿದೆ ದೊಡ್ಡಮ್ಮ. ನನ್ನ ದನಿ ನನಗೇ ಗುರುತು ಸಿಗದಷ್ಟು ಜೋರಾಗಿತ್ತು. "ಅದರಲ್ಲಿ ಸೂಜಿ ಇದೆ. ಬೂಟು, ಕೈಗವಸು ಬರಲಿ. ಬರೋವರೆಗೂ ಒಂದು ಬುಟ್ಟಿ ಮೇಲೇಳಲ್ಲ."

ಕೂಲಿಯವರಲ್ಲೇ ಒಬ್ಬ, ಸ್ವಲ್ಪ ವಯಸ್ಸಾದವನು, ಮೆಲ್ಲಗೆ ಹತ್ತಿರ ಬಂದ. "ಅಮ್ಮಾ, ನಿಮ್ಮದು ಒಳ್ಳೆ ಮಾತೇ. ಆದ್ರೆ ಕೆಲಸ ನಿಂತ್ರೆ ನಮ್ಮ ಇವತ್ತಿನ ಕೂಲಿ ಹೋಗುತ್ತೆ. ನಾವು ಹಿಂಗೇ ರೂಢಿ."

ನಾವು ಯಾರೂ ಅದನ್ನು ಯೋಚಿಸಿರಲಿಲ್ಲ. ಅಲ್ಲೇ ಮತ್ತೆ ಎಡವುವುದರಲ್ಲಿದ್ದೆವು. ಇಸ್ತ್ರಿ ಅಕ್ಕ ನನ್ನ ಮುಖ ನೋಡಿದಳು, ನಾನು ಬ್ಯಾಗಿನಿಂದ ಹಾಳೆ ತೆಗೆದೆ. ಕೈಗವಸು ತರುವುದು ತಡವಾದದ್ದಕ್ಕೆ ಇವರ ಕೂಲಿ ಹಿಡಿಯತಕ್ಕದ್ದಲ್ಲ ಎಂದು ಬರೆದು, ಮೇಸ್ತ್ರಿಯ ಮುಂದೆ ಹಿಡಿದು, ಅದಕ್ಕೆ ಸಹಿ ಹಾಕದೆ ನಾವು ಯಾರೂ ಕದಲುವುದಿಲ್ಲ ಎಂದೆ. ಅವನು ಯಾರಿಗೋ ಫೋನು ಮಾಡಿದ. ಬೈದ. ಇನ್ಯಾರಿಗೋ ಮಾಡಿದ. ಕೊನೆಗೆ ಲಾರಿಯ ಬಾಗಿಲಿಗೆ ಹಾಳೆ ಒತ್ತಿ ಸಹಿ ಹಾಕಿದ.

ಆಮೇಲೆ ಕಾದೆವು. ಕೂಲಿಯವರು ಮೊದಲು ದೂರ ಲಾರಿಯ ನೆರಳಲ್ಲಿ ಕುಳಿತಿದ್ದರು. ಅಜ್ಜಿ ಗದರಿ ಕರೆದು ಜಗಲಿಯ ಮೇಲೆ ಕೂರಿಸಿಕೊಂಡರು, ಚಹಾ ಮಾಡಿಸಿದರು. ಮಾಮ ಸುಮ್ಮನೆ ಕೂರಲಾರದೆ ಒಬ್ಬನ ಅಂಗಿಯ ಗುಂಡಿ ಹಾಕಿಕೊಡುತ್ತಿದ್ದರು. ಮೇಸ್ತ್ರಿ ಮಾತ್ರ ಲಾರಿ ಬಿಟ್ಟು ಇಳಿಯಲಿಲ್ಲ.

ಮಧ್ಯಾಹ್ನ ದಾಟಿದ ಮೇಲೆ ಒಂದು ಆಟೋ ಬಂತು. ಮೂಟೆ ಬಿಚ್ಚಿದರು. ಬೂಟುಗಳಲ್ಲಿ ಅರ್ಧ ಅಳತೆಗೆ ಸಿಗಲಿಲ್ಲ, ಅದಲುಬದಲು ಮಾಡಿಕೊಂಡರು. ಆ ವಯಸ್ಸಾದವನು ಗವಸು ತೊಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಡಿಸಿ ನೋಡಿಕೊಂಡ. ಇಸ್ತ್ರಿ ಅಕ್ಕ ಅವನ ಕೈ ಹಿಡಿದು ಅಂಗೈಯನ್ನು ಹೆಬ್ಬೆರಳಿನಿಂದ ಒತ್ತಿದಳು. ದಪ್ಪಗಿದೆ ಎಂಬಂತೆ ತಲೆಯಾಡಿಸಿದಳು.

ಅವನು ಸಲಿಕೆ ಎತ್ತಿಕೊಂಡ. ನಾವು ದಾರಿ ಬಿಟ್ಟೆವು.

ಪುಟ್ಟಿ